ಬೆಟ್ಟ ಅಂದ್ರೆ ತುದಿಗೇ ಹೋಗ್ಬೇಕಾ?

ಕಳೆದ ವಾರ ಅಕ್ಕನ ಮಗಳು ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಕಳಿಸಿದಳು. "ಮಾಮ, ಆಫೀಸಿನವರೆಲ್ಲ ಕುದುರೆಮುಖಕ್ಕೆ ಹೊರಟಿದ್ದಾರೆ. ನಂಗೆ ಇದೇ ಫಸ್ಟ್ ಟ್ರೆಕ್. ಆಗುತ್ತಾ?"

ಪೋಸ್ಟರಿನಲ್ಲಿ ಹಸಿರು ಗುಡ್ಡ, ಅದರ ಮೇಲೆ ಕೈ ಚಾಚಿ ನಿಂತ ಹುಡುಗ. ಕೆಳಗೆ ದಪ್ಪ ಅಕ್ಷರದಲ್ಲಿ 'ಈಸಿ ಟು ಮಾಡರೇಟ್, ಬಿಗಿನರ್ಸ್ ಕೂಡ ಬರಬಹುದು'. ಶುಕ್ರವಾರ ರಾತ್ರಿ ಹತ್ತಕ್ಕೆ ಬೆಂಗಳೂರಿನಿಂದ ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ಬೆಳಿಗ್ಗೆ ಹೋಂಸ್ಟೇನಲ್ಲಿ ತಿಂಡಿ, ಆಮೇಲೆ ಜೀಪು, ಆಮೇಲೆ ನಡಿಗೆ. ತಿಂಡಿ ಊಟದ ಪಟ್ಟಿ ಪೂರ್ತಿ ಕೊಟ್ಟಿದ್ದರು. ಕ್ಯಾಂಪ್‌ಫೈರ್ ಕೂಡ ಇತ್ತು. ಎಷ್ಟು ಮೀಟರ್ ಏರಬೇಕು, ಎಷ್ಟು ಗಂಟೆ ನಡೆಯಬೇಕು, ಆಗದಿದ್ದರೆ ಎಲ್ಲಿಂದ ವಾಪಸ್ ಬರಬಹುದು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ನನಗೆ ರೇಗಿಹೋಯಿತು. ಊರು ಬಿಟ್ಟು ಸ್ವಿಟ್ಜರ್ಲೆಂಡಿನ ಬರ್ನ್ ಸೇರಿದವನಿಗೆ ಇಂಥದ್ದಕ್ಕೆಲ್ಲ ಬೇಗ ರೇಗುತ್ತದೆ ಅಂತ ಮನೆಯವರು ಹೇಳುತ್ತಾರೆ. ಇರಲಿ. ಮೊದಲ ಸಲ ಬೆಟ್ಟ ಹತ್ತುವ ಹುಡುಗಿ, ರಾತ್ರಿಯಿಡೀ ಟಿಟಿಯಲ್ಲಿ ಕತ್ತು ನೆಟ್ಟಗೆ ನಿಲ್ಲಿಸಲಾರದೆ ಘಾಟಿ ತಿರುವುಗಳಲ್ಲಿ ಅತ್ತ ಇತ್ತ ವಾಲಿ, ಬೆಳಿಗ್ಗೆ ಇಳಿದು ಮುಖ ತೊಳೆದು ಸುಮಾರು 20 ಕಿಲೋಮೀಟರ್ ನಡೆಯಬೇಕು. ಇದರಲ್ಲಿ ಈಸಿ ಯಾವುದು, ಮಾಡರೇಟ್ ಯಾವುದು? ನಿದ್ದೆಗೆಟ್ಟಿದ್ದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಕ್ಕ, ಭಾವ ಇಲ್ಲಿಗೆ ಬಂದಿದ್ದಾಗ ಅವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು ಅಂತ ನಮ್ಮ ಮೇಲಿನ ಮನೆಯ ಅಜ್ಜಿಯ ಹತ್ತಿರ ಹೇಳಿದೆ. ಎಪ್ಪತ್ತು ದಾಟಿದ ಹೆಂಗಸು, ಭಾನುವಾರ ಮನೆಯಲ್ಲಿ ಸಿಗುವುದೇ ಅಪರೂಪ. ಅವರು ಯಾವ ಜಾಗ ಚೆನ್ನಾಗಿದೆ ಅಂತ ಹೇಳಲೇ ಇಲ್ಲ. ತಿರುಗಿ ನನ್ನನ್ನೇ ಕೇಳಿದರು. ನಿಮ್ಮಕ್ಕ ಮಾಮೂಲಿಯಾಗಿ ಒಂದೇ ಸಲಕ್ಕೆ ಎಷ್ಟು ಹೊತ್ತು ನಡೀತಾರೆ? ಮಂಡಿ ನೋವು ಹತ್ತುವಾಗಲೋ ಇಳಿಯುವಾಗಲೋ? ಪಕ್ಕದಲ್ಲಿ ಪ್ರಪಾತ ಕಂಡರೆ ತಲೆ ತಿರುಗುತ್ತಾ? ಅಕ್ಕ ಹಾಸನದಲ್ಲಿ ದಿನಾ ಬೆಳಿಗ್ಗೆ ಪಾರ್ಕು ಸುತ್ತುತ್ತಾಳೆ, ಮಹಡಿ ಇಳಿಯುವಾಗ ಮಾತ್ರ ಗೋಡೆ ಹಿಡಿಯುತ್ತಾಳೆ ಅಂದೆ. ಹಾಗಾದರೆ ಇಳಿಜಾರು ಕಡಿಮೆ ಇರೋದು ಬೇಕು, ಮೆಟ್ಟಿಲು ಇರಬಾರದು, ಕೊನೆಯಲ್ಲಿ ರೈಲು ಸಿಗಬೇಕು ಅಂತ ಹೇಳಿ, ಮೆನ್ಲಿಖೆನ್ ಅನ್ನುವ ಬೆಟ್ಟದಿಂದ ಕ್ಲೈನೆ ಶೈಡೆಗ್ ಅನ್ನುವ ರೈಲು ಸ್ಟೇಷನ್ನಿಗೆ ಹೋಗುವ ದಾರಿ ತೋರಿಸಿದರು. ನಮ್ಮ ಕಡೆ ಬೆಟ್ಟಕ್ಕೆ ಹೊರಟವರಿಗೆ ಯಾರಾದರೂ ಮಂಡಿ ವಿಚಾರ ಕೇಳಿದ್ದುಂಟಾ? "ಏನಾಗಲ್ಲ ಬನ್ನಿ, ನಿಧಾನಕ್ಕೆ ಹತ್ತಿದ್ರಾಯ್ತು" ಅಂತ ಹೊರಡಿಸಿಬಿಡುತ್ತೇವೆ.

ವೆಂಗೆನ್ ಅನ್ನುವ ಊರಿನಿಂದ ಕೇಬಲ್ ಕಾರಿನಲ್ಲಿ ಮೇಲೆ ಹೋದೆವು. ಇಳಿದ ಕೂಡಲೇ ಹಳದಿ ಫಲಕ. ಮೇಲೊಂದು ಬಿಳಿ ಪಟ್ಟಿಯಲ್ಲಿ ನಾವು ನಿಂತಿರುವ ಜಾಗದ ಹೆಸರು, ಅದರ ಎತ್ತರ. ಅದರ ಕೆಳಗೆ ಬಾಣದ ಆಕಾರದ ಹಳದಿ ಹಲಗೆ, ಕಪ್ಪು ಅಕ್ಷರದಲ್ಲಿ ಮುಂದಿನ ಊರು, ಪಕ್ಕದಲ್ಲಿ ಎಷ್ಟು ಗಂಟೆ ಎಷ್ಟು ನಿಮಿಷ ಅಂತ. ಕಿಲೋಮೀಟರ್ ಇಲ್ಲ, ಬರೀ ಹೊತ್ತು. ಸಮತಟ್ಟು ದಾರಿಯಲ್ಲಿ ಗಂಟೆಗೆ 4.2 ಕಿಲೋಮೀಟರ್ ಹಿಡಿದು, ಏರು ಇಳಿವನ್ನು ಸೇರಿಸಿ ಹಾಕಿದ ಲೆಕ್ಕ ಅದು. ಕೂತು ಬುತ್ತಿ ಬಿಚ್ಚಿದ ಹೊತ್ತು ಅದರಲ್ಲಿ ಸೇರಿಲ್ಲ. ಹಲಗೆ ಬರೀ ಹಳದಿ ಇದ್ದರೆ ಯಾರು ಬೇಕಾದರೂ ನಡೆಯುವಂಥ ನೆಲ. ಬಾಣದ ತುದಿಗೆ ಬಿಳಿ ಕೆಂಪು ಬಿಳಿ ಪಟ್ಟೆ ಇದ್ದರೆ ಬೆಟ್ಟದ ದಾರಿ. ಒಳ್ಳೆ ಶೂ ಬೇಕು, ಕಡಿದಾದ ಜಾಗ ಬರಬಹುದು, ತಲೆ ತಿರುಗೋರಿಗೆ ಬೇಡ. ಬಿಳಿ ನೀಲಿ ಬಿಳಿ ಕಂಡರೆ ನಮ್ಮಂಥವರು ತಿರುಗಿ ನಡೆಯಬೇಕು. ಅಲ್ಲಿ ಬಂಡೆ, ಹಿಮ, ಹಗ್ಗದ ವ್ಯವಹಾರ. ಇದು ಸಾಲದು ಅಂತ ಸ್ವಿಸ್ ಆಲ್ಪೈನ್ ಕ್ಲಬ್ಬಿನವರು ಟಿ1ರಿಂದ ಟಿ6ರವರೆಗೆ ಬೇರೆ ಶ್ರೇಣಿ ಮಾಡಿಟ್ಟಿದ್ದಾರೆ. ಎಲ್ಲಕ್ಕಿಂತ ಸುಲಭದ ಟಿ1ಕ್ಕೆ ಮಾಮೂಲಿ ಸ್ಪೋರ್ಟ್ಸ್ ಶೂ ಸಾಕು.

ಈ ಹಳದಿ ಹಲಗೆ ಶುರು ಮಾಡಿದ್ದು ಒಬ್ಬ ಮೇಷ್ಟ್ರು. ಜೂರಿಕ್ ಕಡೆಯ ಜೆ. ಜೆ. ಎಸ್ ಅನ್ನುವವರು, 1930ರ ದಶಕದಲ್ಲಿ. ರಸ್ತೆಗಳನ್ನೆಲ್ಲ ಕಾರು ನುಂಗಿಕೊಂಡ ಮೇಲೆ ನಡೆಯೋರಿಗೆ ಬೇರೆ ದಾರಿ ಬೇಕು ಅನ್ನುವುದು ಅವರ ಹಟ. ಈಗ ಹೀಗೆ ಗುರುತು ಮಾಡಿದ ದಾರಿ ದೇಶದಲ್ಲಿ ಸುಮಾರು 65,000 ಕಿಲೋಮೀಟರ್ ಇದೆ. ಕಾಲುದಾರಿಯ ವಿಚಾರ ಸಂವಿಧಾನಕ್ಕೆ ಸೇರಬೇಕಾ ಬೇಡವಾ ಅಂತ 1979ರಲ್ಲಿ ಜನರ ಮತ ಕೇಳಿ, ಸೇರಿಸಿಕೊಂಡ ದೇಶ ಇದು. ನಮ್ಮಲ್ಲಿ ಫುಟ್‌ಪಾತಿನ ಮೇಲೆ ಬೈಕು ಹತ್ತಿಸಬೇಡಿ ಅಂತ ಹೇಳೋದಕ್ಕೇ ಪೊಲೀಸರು ನಿಲ್ಲಬೇಕು.

ಇರಲಿ, ಅಕ್ಕನ ವಿಷಯಕ್ಕೆ ಬರುತ್ತೇನೆ. ಅಗಲವಾದ ದಾರಿ, ಸಣ್ಣಗೆ ಇಳಿಜಾರು, ಎದುರಿಗೆ ಐಗರ್, ಮೋಂಖ್, ಯುಂಗ್‌ಫ್ರಾವ್ ಮೂರೂ ಬೆಟ್ಟ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುವವರು ನಮ್ಮನ್ನು ದಾಟಿ ಹೋದರು. ಹೊರಟ ಜಾಗದ ಎತ್ತರ 2,200 ಮೀಟರಿಗೂ ಜಾಸ್ತಿ. ಇಡೀ ಕರ್ನಾಟಕದಲ್ಲಿ ಅಷ್ಟು ಎತ್ತರದ ನೆಲವೇ ಇಲ್ಲ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಆದರೂ ಅಕ್ಕ ಏದುಸಿರು ಬಿಡದೆ ಹಾಸನದ ಸುದ್ದಿಯನ್ನೆಲ್ಲ ಹೇಳುತ್ತಾ ನಡೆದಳು.

ಭಾವನಿಗೆ ಮಾತ್ರ ಸಮಾಧಾನ ಇರಲಿಲ್ಲ. ಮೆನ್ಲಿಖೆನ್ ಶಿಖರ ಪಕ್ಕದಲ್ಲೇ ಕಾಣುತ್ತಿತ್ತು. "ತುದಿ ಅಲ್ಲಿದೆ, ನಾವು ಈ ಕಡೆ ಯಾಕೆ ಹೋಗ್ತಿದೀವಿ?" ಅಂದರು. ತುದಿಗೆ ಹೋಗೋದು ಇವತ್ತಿನ ಕಾರ್ಯಕ್ರಮದಲ್ಲಿ ಇಲ್ಲ ಅಂದೆ. ಕ್ಲೈನೆ ಶೈಡೆಗ್ ಮುಟ್ಟಿ, ಸ್ಟೇಷನ್ ಪಕ್ಕ ಪುಳಿಯೋಗರೆ ಡಬ್ಬಿ ಬಿಚ್ಚಿದಾಗ ಅಕ್ಕನೂ ಸುತ್ತ ನೋಡಿ, "ಇಷ್ಟು ದೂರ ಬಂದ್ವಿ, ಇಲ್ಲೊಂದು ದೇವಸ್ಥಾನನೂ ಇಲ್ವಲ್ಲೋ" ಅಂದಳು.

ನಾವೆಲ್ಲ ನಕ್ಕೆವು. ಆದರೆ ನಮ್ಮ ತೊಂದರೆಯ ಬೇರು ಅಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ನಮ್ಮ ಬೆಟ್ಟಗಳ ತುದಿಯಲ್ಲಿ ದೇವರು ಇದ್ದಾನೆ. ಚಾಮುಂಡಿ, ಶಿವಗಂಗೆ, ದೇವರಾಯನದುರ್ಗ, ಮುಳ್ಳಯ್ಯನಗಿರಿ, ಯಾವುದನ್ನು ಬೇಕಾದರೂ ತಗೊಳ್ಳಿ. ದೇವರ ಮುಖ ನೋಡದೆ ಅರ್ಧಕ್ಕೆ ಇಳಿದು ಬಂದೆ ಅಂದರೆ ಮನೆಯಲ್ಲಿ ಏನಂದಾರು? ಹರಕೆ ಹೊತ್ತವರು ಮಂಡಿ ನೋವಿನ ಲೆಕ್ಕ ಇಡುವುದಿಲ್ಲ. ಈಗ ಟೀ ಶರ್ಟು, ಆಕ್ಷನ್ ಕ್ಯಾಮೆರಾ ಬಂದಿದೆ, ದೇವರ ಜಾಗಕ್ಕೆ ತುದಿಯ ಫೋಟೋ ಬಂದಿದೆ. ಆದರೆ ಅರ್ಧದಿಂದ ತಿರುಗಿದರೆ ಅವಮಾನ ಅನ್ನೋದು ಹಾಗೇ ಉಳಿದುಕೊಂಡಿದೆ. ಬೆಟ್ಟದ ಪಕ್ಕೆಯಲ್ಲಿ ಎರಡು ಗಂಟೆ ಸುಮ್ನೆ ನಡೆದು ಬರುವುದು ನಮ್ಮವರಿಗೆ ಟ್ರೆಕ್ಕೇ ಅಲ್ಲ. ಅದಕ್ಕೇ ಹೊಸಬರಿಗೂ ಮೊದಲ ದಿನವೇ ಶಿಖರ.

ಅದರ ಮೇಲೆ ನಾವು ಬೆಟ್ಟದ ಎತ್ತರ ಕೇಳುತ್ತೇವೆ, ಏರು ಕೇಳುವುದಿಲ್ಲ. ಕುಮಾರ ಪರ್ವತ 1,712 ಮೀಟರ್. ಮುಳ್ಳಯ್ಯನಗಿರಿಗಿಂತ 200 ಮೀಟರಿಗೂ ಜಾಸ್ತಿ ಗಿಡ್ಡ. ಆದರೆ ಮುಳ್ಳಯ್ಯನಗಿರಿಯಲ್ಲಿ ಗಾಡಿ ತುದಿಯ ಹತ್ತಿರದವರೆಗೂ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಕುಮಾರ ಪರ್ವತಕ್ಕೆ ಕುಕ್ಕೆಯಿಂದ ಹೊರಟವರು ಸುಮಾರು 13 ಕಿಲೋಮೀಟರ್ ನಡೆದು, 1,500 ಮೀಟರಿಗೂ ಜಾಸ್ತಿ ಏರಬೇಕು. ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನುವವರು 1892ರಲ್ಲಿ ಹೇಳಿದ ಒಂದು ಲೆಕ್ಕ ಇವತ್ತಿಗೂ ನಡೆಯುತ್ತದೆ. ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ಕುಮಾರ ಪರ್ವತ ಹತ್ತುವುದಕ್ಕೇ ಐದು ಗಂಟೆ ಮೇಲೆ. ಅದೂ ಗಟ್ಟಿಮುಟ್ಟಾಗಿರುವವರಿಗೆ, ಎಲ್ಲೂ ಕೂರದೆ, ದಾರಿಯಲ್ಲಿ ಸಿಗುವ ಭಟ್ಟರ ಮನೆಯ ಊಟಕ್ಕೂ ನಿಲ್ಲದೆ. ಅಷ್ಟನ್ನೂ ಮತ್ತೆ ಇಳಿಯಬೇಕು. ದಾರಿಯಲ್ಲಿ ಯಾರನ್ನು ಕೇಳಿದರೂ ಮಾತ್ರ "ಇಲ್ಲೇ, ಇನ್ನು ಹತ್ತು ನಿಮಿಷ".

ಅಕ್ಕನ ಮಗಳಿಗೆ ಫೋನ್ ಮಾಡಿ ಹೇಳಿದ್ದು ಇಷ್ಟು. ಆ ಆಯೋಜಕರಿಗೆ ಫೋನ್ ಮಾಡಿ ಒಟ್ಟು ಏರು ಎಷ್ಟು ಮೀಟರ್ ಅಂತ ಕೇಳು. ಗೊತ್ತಿಲ್ಲ ಅಂದರೆ ಅಲ್ಲಿಗೇ ಬಿಡು. ಮೊದಲ ಸಲಕ್ಕೆ ಏರು 300 ಮೀಟರ್ ಒಳಗೆ ಇರಲಿ, ನಡಿಗೆ ಮೂರು ಗಂಟೆ ದಾಟದಿರಲಿ. ಹಿಂದಿನ ರಾತ್ರಿ ಹಾಸಿಗೆಯಲ್ಲಿ ಮಲಗಿರಬೇಕು. ನಡುವೆ ಎಲ್ಲಾದರೂ ರಸ್ತೆ ಸಿಗಬೇಕು. ಅಂಥದ್ದು ಎಲ್ಲಿದೆ ಅಂದಳು. ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತು, ಮೆಟ್ಟಿಲಲ್ಲೇ ಇಳಿ ಅಂದೆ. ದೊಡ್ಡ ನಂದಿಯ ಹತ್ತಿರ ಸಾಕಾದರೆ ರಸ್ತೆ ಇದೆ. ಮಾರನೇ ದಿನ ಎದ್ದಾಗ ನೋವು ತೊಡೆಯಲ್ಲಿದ್ದರೆ ಪರವಾಗಿಲ್ಲ, ಮುಂದಿನದಕ್ಕೆ ಹೊರಡಬಹುದು. ಮಂಡಿಯಲ್ಲಿದ್ದರೆ ಕುದುರೆಮುಖ ಇನ್ನೊಂದು ವರ್ಷ ಕಾಯಲಿ. "ಚಾಮುಂಡಿ ಬೆಟ್ಟನಾ? ಅದಕ್ಕೆ ಅಜ್ಜಿ ಜೊತೆ ಹೋಗ್ತಾರೆ ಮಾಮ" ಅಂತ ನಕ್ಕಳು. ನೋಡಿ, ತೊಂದರೆ ಅಲ್ಲೇ ಇರೋದು.

ಹೀಗೆಲ್ಲ ಹೇಳಿದ ಮೇಲೆ ಇನ್ನೊಂದು ಕಡೆಯದನ್ನೂ ಹೇಳಬೇಕಾಗುತ್ತದೆ. ಇಲ್ಲಿನ ಹಳದಿ ಹಲಗೆ ನೆಲ ಹೇಗಿದೆ ಅಂತ ಹೇಳುತ್ತದೆಯೇ ಹೊರತು ದಾರಿ ಗಿಡ್ಡ ಅಂತ ಹೇಳುವುದಿಲ್ಲ. ಹಳದಿ ನಂಬಿಕೊಂಡು ಹೊರಟವರು ದಿನವಿಡೀ ನಡೆಯಬೇಕಾದೀತು. ಅದರ ಮೇಲಿನ ಹೊತ್ತು ಕೂಡ ಹುಟ್ಟಿದಾಗಿನಿಂದ ಬೆಟ್ಟ ನಡೆದವರ ಕಾಲಿಗೆ ಸರಿ. ನಮ್ಮವರು ಅದಕ್ಕೆ ಅರ್ಧದಷ್ಟು ಸೇರಿಸಿಕೊಳ್ಳಬೇಕು. ಎತ್ತರದ ದಾರಿಗಳಲ್ಲಿ ಜೂನ್ ತಿಂಗಳಲ್ಲೂ ಹಿಮ ಉಳಿದಿರುತ್ತದೆ. ಕೇಬಲ್ ಕಾರಿನ ಟಿಕೆಟ್ ದರವನ್ನು ಭಾವ ರೂಪಾಯಿಗೆ ತಿರುಗಿಸಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಮ್ಮಲ್ಲೂ ಏನೂ ಆಗಿಲ್ಲ ಅಂತಲ್ಲ. 2024ರ ಜನವರಿ ರಜೆಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ವಿಡಿಯೋ ಎಲ್ಲರೂ ನೋಡಿದ್ದೇವೆ. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಒಳ್ಳೆಯ ಕೆಲಸ. ಇನ್ನು ಶೋಲಾ ಕಾಡಿನ ನಡುವೆ ದಾರಿ ಗುರುತಿಗೆ ಅಂತ ಬಂಡೆ ಬಂಡೆಗೂ ಬಣ್ಣ ಬಳಿಯಬೇಕು ಅಂತ ನಾನೂ ಹೇಳಲಾರೆ. ಮಳೆಗಾಲ ಕಳೆದರೆ ದಾರಿಯೇ ಬದಲಾಗಿರುವ ಕಡೆ ಹಲಗೆ ಎಷ್ಟು ದಿನ ನಿಂತೀತು? ರಾಷ್ಟ್ರೀಯ ಉದ್ಯಾನದಲ್ಲಿ ಜನ ಕಡಿಮೆ ಹೋದಷ್ಟೂ ಒಳ್ಳೇದು.

ಆಮೇಲೆ ಅಲ್ಲಿನ ಗೈಡುಗಳು. ಒಂದು ರಜೆಯಲ್ಲಿ ಕಾಲೇಜು ಗೆಳೆಯರ ಜೊತೆ ಕುದುರೆಮುಖಕ್ಕೆ ಹೋಗಿದ್ದಾಗ ಬಂದ ಹುಡುಗ ಅಲ್ಲಿಯವನೇ. ಕಾಲಲ್ಲಿ ಹವಾಯಿ ಚಪ್ಪಲಿ, ಜೇಬಲ್ಲಿ ಇಂಬಳಕ್ಕೆ ಅಂತ ಉಪ್ಪಿನ ಪೊಟ್ಟಣ. ಮುಂದೆ ಓಡುವವರನ್ನು ಬಿಟ್ಟು ಎಲ್ಲರಿಗಿಂತ ಹಿಂದೆ ಇದ್ದವನ ಜೊತೆಗೇ ನಡೆದ. ಒಂದು ಹಂತದಲ್ಲಿ ನಮ್ಮ ಗೆಳೆಯನೊಬ್ಬನಿಗೆ, "ಸಾರ್, ನೀವು ಇಲ್ಲೇ ಹಳ್ಳದ ಹತ್ರ ಕೂತ್ಕೊಳ್ಳಿ, ಮೇಲೆ ಬರೋದು ಬೇಡ" ಅಂದ. ಅವನಿಗೆ ಆಗಲ್ಲ ಅಂತ ಹೇಗೆ ಗೊತ್ತಾಯ್ತು ಅಂತ ಆಮೇಲೆ ಕೇಳಿದೆ. "ಮೊದಲನೇ ಏರಲ್ಲಿ ಯಾರು ಮಾತು ನಿಲ್ಲಿಸ್ತಾರೆ ಅಂತ ನೋಡ್ತೀನಿ ಸಾರ್" ಅಂದ.

ಇದನ್ನು ಯಾವ ಹಲಗೆಯೂ ಹೇಳುವುದಿಲ್ಲ ಅಂತ ಒಪ್ಪಿಕೊಳ್ಳಬೇಕು. ಹೊಸಬರು ಬೆಂಗಳೂರಲ್ಲಿ ದುಡ್ಡು ಕಟ್ಟುವ ಮುಂಚೆಯೇ ಆ ಹುಡುಗನ ಜೊತೆ ಐದು ನಿಮಿಷ ಮಾತಾಡುವಂತಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಅವನಿರುವ ಕಡೆ ನೆಟ್‌ವರ್ಕ್ ಸಿಗುವುದೇ ಕಷ್ಟ.