ತೂಕ ಇಳಿಸೋ ಇಂಜೆಕ್ಷನ್ ಎಷ್ಟು ದಿನ ತಗೋಬೇಕು? ಅಕ್ಕ-ತಂಗಿಯ ಪರ-ವಿರೋಧ

ಪರ: ನಿಲ್ಲಿಸೋ ಮಾತೇ ಬೇಡ (ಅಕ್ಕ)

ತೂಕ ಇಳೀತಲ್ಲ, ಇನ್ಯಾಕೆ ಇಂಜೆಕ್ಷನ್ ಅಂತ ಮನೇಲಿ ಎಲ್ರೂ ಕೇಳ್ತಾರೆ. ನನ್ನ ಬಿಪಿ ಕಂಟ್ರೋಲಿಗೆ ಬಂದಾಗ ಬಿಪಿ ಮಾತ್ರೆ ನಿಲ್ಲಿಸು ಅಂತ ಯಾರೂ ಹೇಳ್ಲಿಲ್ಲ, ಅಮ್ಮ 22 ವರ್ಷದಿಂದ ಬೆಳಗ್ಗೆ ಖಾಲಿ ಹೊಟ್ಟೇಲಿ ಥೈರಾಯ್ಡ್ ಮಾತ್ರೆ ನುಂಗ್ತಾಳೆ, ಅದನ್ನೂ ಯಾರೂ ಕೇಳಿಲ್ಲ. ಇದೊಂದಕ್ಕೆ ಮಾತ್ರ ಕೊನೇ ದಿನ ಬೇಕು. ಯಾಕಂದ್ರೆ ದಪ್ಪ ಇರೋದು ಕಾಯಿಲೆ ಅಲ್ಲ, ಬಾಯಿಚಪಲ ಅಂತ ಎಲ್ಲರ ತಲೇಲೂ ಕೂತುಬಿಟ್ಟಿದೆ.

ನಾನು 92 ಕೆಜಿ ಇದ್ದೆ. ರಾತ್ರಿ ಅನ್ನ ಬಿಟ್ಟು, ಮುದ್ದೆ ಅರ್ಧ ಮಾಡಿ, ಐದೂವರೆಗೆ ಎದ್ದು ಪಾರ್ಕ್ ಸುತ್ತಿ ಒಂದ್ಸಲ 9 ಕೆಜಿ ಇಳಿಸಿದ್ದೆ, ಒಂದೂವರೆ ವರ್ಷದಲ್ಲಿ 11 ಕೆಜಿ ವಾಪಸ್ ಬಂತು. ಆಗ ನನ್ನನ್ನೇ ಬೈಕೊಂಡೆ. ಈಗ ಗೊತ್ತು, ತೂಕ ಇಳಿದ ಕೂಡ್ಲೇ ದೇಹ ಬರಗಾಲ ಬಂತು ಅನ್ನೋ ಥರ ನಡ್ಕೊಳ್ಳುತ್ತೆ, ಹೊಟ್ಟೆ ತುಂಬಿದೆ ಅಂತ ಹೇಳೋ ಲೆಪ್ಟಿನ್ ಅನ್ನೋ ಹಾರ್ಮೋನ್ ಕಮ್ಮಿ ಆಗುತ್ತೆ, ಹಸಿವು ಹುಟ್ಟಿಸೋ ಗ್ರೆಲಿನ್ ಜಾಸ್ತಿ ಆಗುತ್ತೆ, ಸುಮ್ನೆ ಕೂತಾಗ ಖರ್ಚಾಗೋ ಕ್ಯಾಲೊರಿನೂ ಇಳಿಯುತ್ತೆ.

ಮೌಂಜಾರೊ ಅನ್ನೋ ಈ ಇಂಜೆಕ್ಷನ್ ಭಾರತಕ್ಕೆ ಬಂದಿದ್ದು ಮಾರ್ಚ್ 2025ರಲ್ಲಿ, ನಾನು ಅದೇ ವರ್ಷ ಶುರು ಮಾಡಿದೆ, ವಾರಕ್ಕೊಂದು, 2.5 ಎಂಜಿಯಿಂದ ನಿಧಾನಕ್ಕೆ ಏರಿಸ್ತಾ. ಮೊದಲ ಎರಡು ತಿಂಗಳು ವಾಕರಿಕೆ, ಮಲಬದ್ಧತೆ ಎಲ್ಲ ಅನುಭವಿಸಿದೀನಿ. ಆಮೇಲೆ ಒಂದಿನ ಮದ್ವೆ ಊಟದಲ್ಲಿ ಎರಡನೇ ಹೋಳಿಗೆ ಬಡಿಸೋಕೆ ಬಂದ್ರು, ಬೇಡ ಅನ್ನಿಸ್ತು. ತಡ್ಕೊಂಡು ಬೇಡ ಅಂದಿದ್ದಲ್ಲ, ನಿಜವಾಗ್ಲೂ ಬೇಡ ಅನ್ನಿಸ್ತು. ಊಟ ಮುಗಿದ್ರೂ ಮನಸ್ಸು ಅಡುಗೆಮನೆ ಕಡೆಗೇ ಇರೋದು ಎಲ್ರಿಗೂ ಹಂಗೇ ಅಂತ ನಲವತ್ತು ವರ್ಷ ಅಂದ್ಕೊಂಡಿದ್ದೆ ನಾನು. ಆ ನೆಮ್ಮದಿ ಬಿಟ್ಟುಕೊಡು ಅಂದ್ರೆ ಹೆಂಗೆ?

ಬಿಟ್ಟರೆ ಏನಾಗುತ್ತೆ ಅಂತಾನೂ ನೋಡಿದಾರೆ. ಸರ್ಮೌಂಟ್-4 ಅನ್ನೋ ಸ್ಟಡೀಲಿ ಎಲ್ರಿಗೂ 36 ವಾರ ಟಿರ್ಜೆಪಟೈಡ್, ಅಂದ್ರೆ ಇದೇ ಮೌಂಜಾರೊ, ಕೊಟ್ಟಾಗ ಸರಾಸರಿ 20.9% ತೂಕ ಇಳೀತು, ಆಮೇಲೆ ಅರ್ಧ ಜನಕ್ಕೆ ಗೊತ್ತಾಗದ ಹಾಗೆ ಬರೀ ಪ್ಲಸೀಬೊ, ಅಂದ್ರೆ ಔಷಧಿ ಇಲ್ಲದ ಇಂಜೆಕ್ಷನ್, ಕೊಟ್ರು. ಒಂದು ವರ್ಷದಲ್ಲಿ ಅವರ ತೂಕ 14% ಏರ್ತು, ಮುಂದುವರಿಸಿದವರದ್ದು ಇನ್ನೂ 5.5% ಇಳೀತು. ಇದೇ ಥರದ ಇನ್ನೊಂದು ಔಷಧಿ ಸೆಮಾಗ್ಲೂಟೈಡ್‌ದೂ ಇದೇ ಕಥೆ, ನಿಲ್ಲಿಸಿದ ಒಂದು ವರ್ಷಕ್ಕೆ ಇಳಿದಿದ್ದರಲ್ಲಿ ಮೂರರಲ್ಲಿ ಎರಡು ಭಾಗ ವಾಪಸ್. ಇನ್ನೊಂದು ವಿಷಯ, ಸೆಲೆಕ್ಟ್ ಅನ್ನೋ ಸ್ಟಡೀಲಿ ಹಾರ್ಟ್ ಪ್ರಾಬ್ಲಮ್ ಇದ್ದ, ಶುಗರ್ ಇಲ್ಲದ 17,604 ಜನರಲ್ಲಿ ಸೆಮಾಗ್ಲೂಟೈಡ್ ತಗೊಂಡವರಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದಿಂದ ಆಗೋ ಸಾವು ಎಲ್ಲ ಸೇರಿ 20% ಕಮ್ಮಿ ಆಯ್ತು. ಔಷಧಿ ತಗೋತಾ ಇದ್ದಾಗ ಸಿಕ್ಕ ಲಾಭ ಅದು. ನಮ್ಮಪ್ಪ 56ಕ್ಕೆ ಹಾರ್ಟ್ ಅಟ್ಯಾಕಲ್ಲಿ ಹೋದ್ರು, ನನಗಿದು ಬರೀ ನಂಬರ್ ಅಲ್ಲ.

ದುಡ್ಡು ಜಾಸ್ತಿ, ಒಪ್ತೀನಿ. ಆದ್ರೆ ಮಾರ್ಚ್ 2026ಕ್ಕೆ ಭಾರತದಲ್ಲಿ ಸೆಮಾಗ್ಲೂಟೈಡ್ ಪೇಟೆಂಟ್ ಮುಗೀತು, ನಮ್ಮ ಕಂಪನಿಗಳೂ ಮಾಡಬಹುದು, ರೇಟ್ ತೀರಾ ಕಷ್ಟ ಆದ್ರೆ ಡಾಕ್ಟ್ರನ್ನ ಕೇಳಿ ಅದಕ್ಕೆ ಬದಲಾಯಿಸ್ತೀನಿ, ನಿಲ್ಲಿಸಲ್ಲ.

ವಿರೋಧ: ಶುರು ಮಾಡೋವಾಗ್ಲೇ ನಿಲ್ಲಿಸೋ ದಾರಿ ಗೊತ್ತಿರ್ಬೇಕು (ತಂಗಿ)

ಅಕ್ಕ, ನೀನು ಚಪಲದವಳು ಅಂತ ನಾನ್ಯಾವತ್ತೂ ಅಂದಿಲ್ಲ. ನಾನೂ ಎಂಟು ತಿಂಗಳು ಸೆಮಾಗ್ಲೂಟೈಡ್ ತಗೊಂಡವಳೇ, 81ರಿಂದ 70ಕ್ಕೆ ಬಂದವಳೇ. ಮಗು ಬೇಕು ಅಂತ ನಿಲ್ಲಿಸ್ಬೇಕಾಯ್ತು, ಪ್ರೆಗ್ನೆನ್ಸಿಗೆ ಕಮ್ಮಿ ಅಂದ್ರೂ ಎರಡು ತಿಂಗಳು ಮುಂಚೆ ಬಿಡ್ಬೇಕು. ನನಗೆ ಬರೆದುಕೊಟ್ಟ ಕಡೆ ಇದನ್ನ ಯಾರೂ ಮೊದ್ಲೇ ಹೇಳ್ಲಿಲ್ಲ, ಪ್ರಿಸ್ಕ್ರಿಪ್ಶನ್ ರಿಪೀಟ್ ಆಗ್ತಾ ಹೋಯ್ತು ಅಷ್ಟೇ, ಎಷ್ಟು ದಿನ, ಆಮೇಲೇನು ಅಂತ ಒಂದು ಮಾತಿಲ್ಲ. ನಿಲ್ಲಿಸಿದ ಆರು ವಾರಕ್ಕೆ ಹಸಿವು ವಾಪಸ್ ಬಂದಾಗ ನಾನು ಎಷ್ಟು ಹೆದರಿದ್ದೆ ಅಂತ ನಿನಗೆ ಗೊತ್ತು.

ಹಾಗಾಗಿ ಜೀವನಪೂರ್ತಿ ಅನ್ನೋ ಮಾತು ಕೇಳಿದ್ರೆ ನನಗೆ ಭಯ. ಕಾಯಿಲೆ, ಆಪರೇಷನ್, ಕೆಲಸ ಹೋಗೋದು, ಒಂದಲ್ಲ ಒಂದು ದಿನ ಬಿಡೋ ಪರಿಸ್ಥಿತಿ ಬಂದೇ ಬರುತ್ತೆ. ಮೌಂಜಾರೊ ಇಲ್ಲಿಗೆ ಬಂದಾಗ 5 ಎಂಜಿ ವಯಲ್ 4,375 ರೂಪಾಯಿ, ವಾರಕ್ಕೊಂದು ಅಂದ್ರೆ ವರ್ಷಕ್ಕೆ 2,27,500. ಇದನ್ನ ಮೂವತ್ತು ವರ್ಷ ಕಟ್ಟೋರು ಎಷ್ಟು ಮನೇಲಿದಾರೆ?

ನೀನು ಹೇಳಿದ ಸರ್ಮೌಂಟ್-4ರಲ್ಲೇ ಇನ್ನೊಂದು ಲೆಕ್ಕ ಇದೆ. ಔಷಧಿ ನಿಂತವರಲ್ಲೂ 16.6% ಜನ ಇಳಿಸಿದ್ದರಲ್ಲಿ ಕಮ್ಮಿ ಅಂದ್ರೂ 80% ಉಳಿಸ್ಕೊಂಡ್ರು, ಅಂದ್ರೆ ಆರು ಜನಕ್ಕೆ ಒಬ್ಬರು. ಕಮ್ಮಿ ನಿಜ, ಆದ್ರೆ ನೀನು ಆ ಒಬ್ಬಳಾ ಅಂತ ಪ್ರಯತ್ನನೇ ಮಾಡದೆ ಹೆಂಗೆ ಗೊತ್ತಾಗುತ್ತೆ? ಡೆನ್ಮಾರ್ಕಲ್ಲಿ ಲಿರಾಗ್ಲೂಟೈಡ್ ಅನ್ನೋ ಇದೇ ಥರದ ಇಂಜೆಕ್ಷನ್ ಮೇಲೆ ಮಾಡಿದ ಸ್ಟಡೀಲಿ, ಇಂಜೆಕ್ಷನ್ ಜೊತೆ ಒಂದು ವರ್ಷ ವ್ಯಾಯಾಮನೂ ಮಾಡಿದವರು, ಎಲ್ಲ ನಿಂತ ಒಂದು ವರ್ಷದ ಮೇಲೂ ಬರೀ ಇಂಜೆಕ್ಷನ್ ತಗೊಂಡವರಿಗಿಂತ ಇಳಿಸಿದ್ದನ್ನ ಜಾಸ್ತಿ ಉಳಿಸ್ಕೊಂಡಿದ್ರು. ನಾನು ನಿಲ್ಲಿಸೋಕೆ ಮುಂಚೆ ಡಂಬಲ್ ಮುಟ್ಟಿರಲಿಲ್ಲ, ಆ ಪಶ್ಚಾತ್ತಾಪ ಈಗ್ಲೂ ಇದೆ.

ಯಾಕಂದ್ರೆ ಇಳಿಯೋದು ಬರೀ ಕೊಬ್ಬಲ್ಲ. ಸೆಮಾಗ್ಲೂಟೈಡ್ ಸ್ಟಡೀಲಿ ಸ್ವಲ್ಪ ಜನಕ್ಕೆ ಸ್ಕ್ಯಾನ್ ಮಾಡಿದಾಗ ಇಳಿದ ತೂಕದಲ್ಲಿ ಸುಮಾರು 40% ಕೊಬ್ಬಲ್ಲದ ಭಾಗ ಇತ್ತು, ಮಾಂಸಖಂಡನೂ ಅದರಲ್ಲೇ ಸೇರಿರುತ್ತೆ. ನಿನ್ನ ತಟ್ಟೇಲಿ ಈಗ ಎರಡು ಇಡ್ಲಿ, ಅರ್ಧ ಬಟ್ಟಲು ಸಾರು. ಬೇಳೆ, ಮೊಟ್ಟೆ, ಮೊಸರು ಎಲ್ಲಿ ಅಕ್ಕ? ಇದೇ ರೀತಿ ಹತ್ತು ವರ್ಷ ನಡೆದ್ರೆ ಅರವತ್ತಕ್ಕೆ ಮೆಟ್ಟಿಲು ಹತ್ತೋಕೆ ಕಾಲಲ್ಲಿ ಏನಿರುತ್ತೆ?

ಸೆಲೆಕ್ಟ್ ಸ್ಟಡೀಲಿ ಜನರನ್ನ ನೋಡಿದ್ದು ಸರಾಸರಿ ಮೂರು ವರ್ಷ ಚಿಲ್ಲರೆ, ನೀನು ಹೇಳ್ತಿರೋದು ಮೂವತ್ತು. ಸಿಬುಟ್ರಮಿನ್ ಅನ್ನೋ ತೂಕದ ಮಾತ್ರೆನೂ ವರ್ಷಗಟ್ಟಲೆ ಬರೆದುಕೊಡ್ತಿದ್ರು, ಹೃದಯಕ್ಕೆ ಅಪಾಯ ಅಂತ ಗೊತ್ತಾಗಿ 2010ರಲ್ಲಿ ಅಮೆರಿಕ, ಯುರೋಪಲ್ಲಿ ವಾಪಸ್ ತಗೊಂಡ್ರು, 2011ರಲ್ಲಿ ಇಲ್ಲೂ ಬ್ಯಾನ್ ಆಯ್ತು. ಇದೂ ಹಂಗೇ ಅಂತ ನಾನು ಹೇಳಲ್ಲ, ಹೃದಯದ ವಿಷಯದಲ್ಲಿ ಇದರ ದಾಖಲೆ ಒಳ್ಳೇದೇ ಇದೆ. ಡಬ್ಲ್ಯುಎಚ್ಒ ಡಿಸೆಂಬರ್ 2025ರಲ್ಲಿ ಈ ಔಷಧಿಗಳನ್ನ ಆರು ತಿಂಗಳು ಮೇಲ್ಪಟ್ಟು ಕೊಡಬಹುದು ಅಂತು, ಆದ್ರೆ ಷರತ್ತಿನ ಶಿಫಾರಸು ಅದು, ದೀರ್ಘಕಾಲದ ಮಾಹಿತಿ ಕಮ್ಮಿ, ಖರ್ಚು ಜಾಸ್ತಿ ಅನ್ನೋದೂ ಅದಕ್ಕೆ ಕಾರಣ.

ನಾಳೆನೇ ನಿಲ್ಲಿಸು ಅಂತ ಅಲ್ಲ, ಏಕಾಏಕಿ ಬಿಡಲೂ ಬೇಡ. ಆರು ತಿಂಗಳು ವಾರಕ್ಕೆರಡು ದಿನ ನನ್ನ ಜೊತೆ ಜಿಮ್ಮಿಗೆ ಬಾ, ಆಮೇಲೆ ಡಾಕ್ಟ್ರ ನಿಗಾದಲ್ಲಿ ಒಂದು ಸ್ಟೆಪ್ ಡೋಸ್ ಇಳಿಸಿ ನೋಡು, ತೂಕ, ಬಿಪಿ ಏರಿದ್ರೆ ವಾಪಸ್ ಹಾಕೋಣ, ನಾನು ಮಾತಾಡಲ್ಲ. ಮುಂದಿನ ಅಪಾಯಿಂಟ್‌ಮೆಂಟಿಗೆ ನಾನೂ ಬರ್ತೀನಿ, ಅಪ್ಪನ ರಿಪೋರ್ಟುಗಳಿರೋ ಹಳೇ ಫೈಲೂ ತರ್ತೀನಿ.