ರೊಟ್ಟಿ ಬಿಟ್ಟವರ ಖಾನಾವಳಿ

ಹುಬ್ಬಳ್ಳಿಯಲ್ಲಿ ತೂಕ ಇಳಿಸುವ ಕ್ರಮ ಸದ್ಯ ಹೀಗಿದೆ: ಬೆಳಿಗ್ಗೆ ನೃಪತುಂಗ ಬೆಟ್ಟ, ಮಧ್ಯಾಹ್ನ ಖಾರದ ಮಾಂಸದೂಟದ ಸಾವಜಿ ಖಾನಾವಳಿ. ಬೆಟ್ಟ ಹತ್ತಿದ್ದಕ್ಕೆ ಮೊಬೈಲಿನಲ್ಲಿ ಫೋಟೋ ಇರುತ್ತದೆ, ಖಾನಾವಳಿ ಹೊಕ್ಕಿದ್ದಕ್ಕೆ ಡಯಟ್ ಚಾರ್ಟಿನ ಅಪ್ಪಣೆ ಇರುತ್ತದೆ. "ರೊಟ್ಟಿ ಬ್ಯಾಡ್ರೀ, ಡಯಟ್ ಐತಿ. ರಸಾ ಇನ್ನೊಂದ್ ವಾಟಿ ತರ್ರಿ." ಈ ಸೀಮೆಯ ಹೊಟ್ಟೆ ಹೊರೆದ ಜೋಳದ ರೊಟ್ಟಿ ಈಗ ಬೊಜ್ಜಿನ ಮೊದಲ ಆರೋಪಿ. ಮಾಂಸದ ರಸಾ ಮಾತ್ರ ನಿರ್ದೋಷಿ.

ಲೆಕ್ಕ ಹಾಕಿ ನೋಡೋಣ. ಬಡಿದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಸುಮಾರು 170 ಕ್ಯಾಲರಿ, ಎಣ್ಣೆಯ ಸೋಂಕಿಲ್ಲ. ಎರಡು ರೊಟ್ಟಿ ಬಿಟ್ಟರೆ 340 ಉಳಿಯಿತು. ಎಲುಬಿಲ್ಲದ, ಚರಬಿ ತೆಗೆದ ಆಡಿನ ಮಾಂಸ 150 ಗ್ರಾಂ ತಿಂದರೆ 165 ಕ್ಯಾಲರಿ, ಜೊತೆಗೆ 30 ಗ್ರಾಂ ಪ್ರೋಟೀನ್. ಇಲ್ಲಿತನಕ ಚಾರ್ಟ್ ಬರೆದವರು ಹೇಳಿದ್ದು ಸರಿಯೇ. ಆದರೆ ನಮ್ಮಲ್ಲಿ ಮಾಂಸ ಒಂಟಿಯಾಗಿ ತಟ್ಟೆಗೆ ಬರುವುದಿಲ್ಲ, ಈಜಿಕೊಂಡು ಬರುತ್ತದೆ. ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲರಿ. ವಾಟಿಯ ಮೇಲೆ ಅಂಥ ಮೂರು ಚಮಚ ತೇಲುತ್ತಿದ್ದರೆ 360, ಅಂದರೆ ಒಳಗಿರುವ ಮಾಂಸದ ಎರಡು ಪಟ್ಟಿಗಿಂತ ಹೆಚ್ಚು. ಎರಡನೇ ವಾಟಿಗೆ ಮತ್ತೆ 360. ರೊಟ್ಟಿಯ ತ್ಯಾಗ ಅಲ್ಲಿಗೆ ಸಮರ್ಪಣೆಯಾಯಿತು.

"ಖಾರ ಕೊಬ್ಬು ಕರಗಸ್ತೈತ್ರಿ, ಬೆವರು ನೋಡ್ರಿ ಹೆಂಗ ಇಳ್ಯಾಕತ್ತೈತಿ" ಎನ್ನುವ ವಿಜ್ಞಾನಿಗಳೂ ಪಕ್ಕದ ಟೇಬಲ್ಲಿನಲ್ಲಿ ಇರುತ್ತಾರೆ. ಇಳಿಯುತ್ತಿರುವುದು ಉಪ್ಪುನೀರು, ಮನೆಗೆ ಹೋಗಿ ಎರಡು ತಂಬಿಗೆ ನೀರು ಕುಡಿದರೆ ಅದು ವಾಪಸ್ಸು. ಇನ್ನು ಆ ಕೆಂಪು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣ ಕರಗುವುದು ನೀರಿನಲ್ಲಲ್ಲ, ಎಣ್ಣೆಯಲ್ಲಿ. ರಸಾದ ಮೇಲೆ ಕಣ್ಣು ಕುಕ್ಕುವ ಕೆಂಪು ಪದರ ನಿಂತಿದೆ ಎಂದರೆ ಅದು ಎಣ್ಣೆ ತಾನಾಗಿ ಕೊಡುತ್ತಿರುವ ಹಾಜರಿ. ಅಡಿಗೆಯವರದೇನೂ ತಪ್ಪಿಲ್ಲ, ಅವರು ರುಚಿಗೆ ಮಾಡುತ್ತಾರೆ. ಅದನ್ನು ಔಷಧಿ ಎಂದು ಕುಡಿಯುವವರ ಧೈರ್ಯ ದೊಡ್ಡದು.

ಇಷ್ಟೆಲ್ಲ ತಿಂದು ಕೈ ತೊಳೆಯುವಾಗ ಯಾರಾದರೂ ಹಂದಿಮಾಂಸದ ಹೆಸರೆತ್ತಲಿ, ಇಡೀ ಟೇಬಲ್ಲಿಗೆ ಆರೋಗ್ಯಪ್ರಜ್ಞೆ ಜಾಗೃತವಾಗುತ್ತದೆ. "ಛೀ, ಅದರಾಗ ಬರೇ ಕೊಬ್ಬು." ಪ್ರಾಣಿಯ ಹೆಸರು ಕೇಳಿ ಕ್ಯಾಲರಿ ಹೇಳುವ ಈ ವಿದ್ಯೆ ಬೇರೆ ಊರಲ್ಲಿ ಇದೆಯೋ ಇಲ್ಲವೋ. ಹಂದಿಯ ಬೆನ್ನೆಲುಬಿನ ಒಳಗಡೆ ಉದ್ದಕ್ಕೆ ಮಲಗಿರುವ ಮೆತ್ತನೆಯ ತುಂಡು, ಅಂಗಡಿಯವರು ಟೆಂಡರ್‌ಲಾಯಿನ್ ಅನ್ನುವುದು, ಹಸಿಯದಾದರೆ 100 ಗ್ರಾಂಗೆ ಸುಮಾರು 120 ಕ್ಯಾಲರಿ, 20 ಗ್ರಾಂ ಮೀರಿದ ಪ್ರೋಟೀನ್, ಕೊಬ್ಬು ಮೂರ್ನಾಲ್ಕು ಗ್ರಾಂ. ಚರ್ಮ ಸುಲಿದ ಕೋಳಿಯ ಎದೆಗೂ ಇದಕ್ಕೂ ಹೆಚ್ಚು ಫರಕಿಲ್ಲ. ಅದೇ ಹಂದಿಯ ಹೊಟ್ಟೆಯ ಭಾಗ 100 ಗ್ರಾಂಗೆ 500 ಕ್ಯಾಲರಿ ದಾಟುತ್ತದೆ, ಅರ್ಧಕ್ಕರ್ಧ ಕೊಬ್ಬು. ಪ್ರಾಣಿ ಒಂದೇ, ಲೆಕ್ಕ ನಾಲ್ಕು ಪಟ್ಟು ಬೇರೆ. ಕೇಳಬೇಕಾದದ್ದು ಯಾವ ಭಾಗ ಎಂದು. ಕೇಳುವುದು ಯಾವ ಜಾತಿಯವರು ತಿನ್ನುತ್ತಾರೆ ಎಂದು.

ಇನ್ನೊಂದು ಪಂಗಡ ಗುಟ್ಟಾಗಿ ತಿನ್ನುವವರದು. ಮೊಬೈಲಿನಲ್ಲಿ ಇಳಿಸಿಕೊಂಡ ಅಮೆರಿಕದ ಚಾರ್ಟ್ ಬೆಳಿಗ್ಗೆ ಮೂರು ಪಟ್ಟಿ ಬೇಕನ್ ಬರೆದಿರುತ್ತದೆ. ಬೇಕನ್ ಎಂದರೆ ಅದೇ ಹೊಟ್ಟೆಯ ಭಾಗ, ಉಪ್ಪು ಹಾಕಿ ಕೆಡದಂತೆ ಮಾಡಿದ್ದು. ಉಪ್ಪು ಮೈಯಲ್ಲಿ ನೀರು ಹಿಡಿಯುತ್ತದೆ, ತಕ್ಕಡಿಯ ಮುಳ್ಳು ಮೇಲೇರುತ್ತದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿತು. ಚಾರ್ಟಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಹಂದಿಮಾಂಸದಿಂದ ಹುಳು ಹತ್ತುತ್ತದೆ ಎಂಬ ಭಯ ಸುಳ್ಳಲ್ಲ, ಅರ್ಧ ಸತ್ಯ. ಪಾಲಿಕೆ ಆಗಾಗ ಹಿಡಿಯಲು ಹೊರಡುವ, ಗಟಾರದಲ್ಲಿ ಮೇಯುವ ಹಂದಿಯ ಮಾಂಸ ಅಡಿಗೆಮನೆಗೆ ಬರಲೇಬಾರದು. ಸಾಕಣೆಯದ್ದನ್ನೂ ಒಳಗಿನ ಬಿಸಿ 71 ಡಿಗ್ರಿ ದಾಟುವಂತೆ ಬೇಯಿಸಬೇಕು. ಕುಕ್ಕರಿನಲ್ಲಿ ಶಾಖ 120ರ ಹತ್ತಿರ ಹೋಗುವುದರಿಂದ ಆ ಚಿಂತೆ ಇಲ್ಲ. ಅರೆಬೆಂದ ಮಾಂಸದಿಂದ ಬರುವುದು ಕರುಳಿನ ಲಾಡಿಹುಳು. ಮಿದುಳಿಗೆ ಹತ್ತಿ ಫಿಟ್ಸ್ ತರಿಸುವುದು ಅದರ ತತ್ತಿ, ಮತ್ತು ಆ ತತ್ತಿ ಹೊರಬೀಳುವುದು ಹುಳು ಇರುವ ಮನುಷ್ಯನ ಮಲದಿಂದ. ಅಲ್ಲಿಂದ ಕೊಳಕು ನೀರು, ತೊಳೆಯದ ಕೈ, ಹಸಿ ತಪ್ಪಲು. ಹಂದಿಯ ಹೆಸರು ಕೇಳಿ ಸ್ನಾನ ಮಾಡುವವರು ಸಂತೆಯ ಹಕ್ಕರಕಿ ಸೊಪ್ಪನ್ನು ಕೊಡವಿಯಷ್ಟೇ ತಟ್ಟೆಗೆ ಹಾಕಿಕೊಳ್ಳುತ್ತಾರೆ.

ಮೊದಲ ವಾರದ ವಿಜಯೋತ್ಸವದ್ದು ಬೇರೆ ಕಥೆ. ರೊಟ್ಟಿ, ಅನ್ನ ಬಿಟ್ಟು ಬರೀ ಮಾಂಸ ತಿಂದವರು ಎಂಟು ದಿನಕ್ಕೆ ಎರಡು ಕಿಲೋ ಇಳಿದು ಸ್ಟೇಟಸ್ ಹಾಕುತ್ತಾರೆ. ಲಿವರಿನಲ್ಲೂ ಸ್ನಾಯುಗಳಲ್ಲೂ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಅರ್ಧ ಕಿಲೋದಷ್ಟು. ಅದರ ಗ್ರಾಂ ಒಂದಕ್ಕೆ ಮೂರು ಗ್ರಾಂ ನೀರು ಅಂಟಿರುತ್ತದೆ. ಅದು ಖಾಲಿಯಾದರೆ ನೀರೂ ಹೊರಟಿತು. ಗದಗಿನಲ್ಲಿ ಒಂದು ಮದುವೆಯ ಬುಂದೆ-ಅನ್ನ ಉಂಡರೆ ಎರಡೂ ತಿರುಗಿ ಬರುತ್ತವೆ. ನಿಜವಾದ ಒಂದು ಕಿಲೋ ಕೊಬ್ಬು ಹೋಗಲು 7,700 ಕ್ಯಾಲರಿಯಷ್ಟು ಕೊರತೆ ಬೇಕು: ದಿನಕ್ಕೆ 500 ಕಡಿಮೆ ತಿಂದರೂ ಹದಿನೈದು ದಿನ. ಇದಕ್ಕೆ ಯಾರೂ ಸ್ಟೇಟಸ್ ಹಾಕುವುದಿಲ್ಲ. ಈ ನಡುವೆ ನಾರು ಇಲ್ಲದೆ ಹೊಟ್ಟೆ ಕಟ್ಟುತ್ತದೆ, ಬಾಯಿ ನೇಲ್ ಪಾಲಿಶ್ ವಾಸನೆ ಹೊಡೆಯುತ್ತದೆ, ಇಸಬಗೋಲಿನ ವ್ಯಾಪಾರ ಮಾತ್ರ ಚಲೋ ನಡೆಯುತ್ತದೆ. ಯೂರಿಕ್ ಆಸಿಡ್ ಹೆಚ್ಚಿದ್ದವರು ಲಿವರ್, ಕಿಡ್ನಿ ಫ್ರೈ ಮೇಲೆ ಬಿದ್ದರೆ ಕಾಲಿನ ಹೆಬ್ಬೆರಳ ಕೀಲೇ ಮಾತಾಡುತ್ತದೆ.

ಮಾಂಸ ತಿಂದು ತೂಕ ಇಳಿಸಬಹುದು. ಹಿಂದಿನ ದಿನವೇ ಅರಿಶಿನ, ಉಪ್ಪು, ಶುಂಠಿ-ಬೆಳ್ಳುಳ್ಳಿ ಹಾಕಿ ಬೇಯಿಸಿ, ಆರಿಸಿ, ರಾತ್ರಿ ಫ್ರಿಜ್ಜಿನಲ್ಲಿಡಬೇಕು. ಬೆಳಿಗ್ಗೆ ಕೊಬ್ಬು ಮೇಲೆ ಮೇಣದಂತೆ ಗಟ್ಟಿಯಾಗಿರುತ್ತದೆ. ಚಮಚದಿಂದ ಎತ್ತಿ ಬಿಸಾಕಿ, ನಾಲ್ಕು ಮಂದಿಗೆ ಎರಡು ಚಮಚ ಎಣ್ಣೆಯಲ್ಲಿ ಒಗ್ಗರಣೆ. ಎಣ್ಣೆಯನ್ನು ಡಬ್ಬಿಯಿಂದ ಬಗ್ಗಿಸಿದರೆ ಲೆಕ್ಕ ಮುಗಿಯಿತು. ಚಾರ್ಟಿನಲ್ಲಿ 150 ಗ್ರಾಂ ಎಂದರೆ ಹಸಿ ತೂಕ; ಬೆಂದ ಮೇಲೆ ಅದು 110ರ ಆಸುಪಾಸು. ಬೆಂದದ್ದನ್ನು 150 ತೂಗಿದರೆ 200 ತಿಂದ ಹಾಗೆ. ಜೊತೆಗೆ ಒಂದೂವರೆ ರೊಟ್ಟಿ, ತೊಳೆದ ಹಕ್ಕರಕಿ, ಸವತಿಕಾಯಿ.

ಸೋಮವಾರ, ಗುರುವಾರ, ಶನಿವಾರ ಖಂಡ ನಿಷಿದ್ಧ, ಅಮವಾಸ್ಯೆ ಬೇರೆ. 80 ಕಿಲೋದವರಿಗೆ ದಿನಕ್ಕೆ ಕನಿಷ್ಠ 66 ಗ್ರಾಂ ಪ್ರೋಟೀನ್ ಬೇಕು, ವಾರದಲ್ಲಿ ನಾಲ್ಕೇ ದಿನಕ್ಕಲ್ಲ. ಆ ದಿನಗಳಲ್ಲಿ ಮಡಿಕಿಕಾಳು, ಹೆಸರುಕಾಳು, ಮೊಸರು ಇವೆ. ಉಪವಾಸಸ್ಥರು ಆರಿಸುವುದು ಸಾಬೂದಾಣಿ ಖಿಚಡಿ: ಬರೀ ಪಿಷ್ಟ, ಮೇಲೆ ಶೇಂಗಾ, ಕೆಳಗೆ ಎಣ್ಣೆ.

ಖರೀದಿಗೆ ನಿಂತಾಗ ಚರಬಿಯನ್ನು ತೂಗುವ ಮೊದಲೇ ತೆಗೆಸಬೇಕು. ಡಯಟ್ ಮಂದಿ ಮಟನ್ ಅಂಗಡಿಗೆ ಬಂದು, ಅರ್ಧ ಕಿಲೋ ತೂಗಿಸಿ, ರೊಕ್ಕ ಕೊಟ್ಟು, ಆಮೇಲೆ "ಚರಬಿ ತಗೀರಿ" ಅನ್ನುತ್ತಾರೆ.

"ತಗೀತೇವ್ರಿ ಸಾಹೇಬ್ರ. ತೂಕ ಇಳಿತೈತಿ, ನಿಮ್ದಲ್ಲ, ಚೀಲದ್ದು."