ಮೂರು ಸ್ಲೈಡರ್ ಯಾಕ್ರೀ, ಒಂದು ಸಾಲದಾ?

ಈಗಷ್ಟೇ ಒಂದು ಆನ್‌ಲೈನ್ ಪಾಠ ನೋಡಿದೆ. ತಲೆ ಬಿಸಿಯಾಗಿದೆ. ಪಾಠ ಮಾಡೋಳು ನಾನು, ಇಂಥದ್ದು ಕಂಡರೆ ಸುಮ್ನೆ ಇರೋಕಾಗಲ್ಲ ಅಂತ ನಿಮಗೆ ಗೊತ್ತೇ ಇದೆ.

ವಿಷಯ ಗ್ರಹಗಳ ಚಲನೆ. ನಡುವೆ ಸೂರ್ಯ, ಸುತ್ತ ಒಂದು ಗ್ರಹ. ಕೆಳಗೆ ಮೂರು ಸ್ಲೈಡರ್, ಅಂದರೆ ಅತ್ತಿತ್ತ ಎಳೆದು ಬೆಲೆ ಬದಲಿಸುವ ಗುಂಡಿಗಳು. ದೂರಕ್ಕೊಂದು, ವೇಗಕ್ಕೊಂದು, ಒಂದು ಸುತ್ತು ಮುಗಿಸುವ ಕಾಲಕ್ಕೊಂದು. ಯಾವುದನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು. ದೂರವನ್ನು ಭೂಮಿಯದರ 4 ಪಟ್ಟು ಮಾಡಿದೆ, ಕಾಲವನ್ನು 1 ವರ್ಷದಲ್ಲೇ ಬಿಟ್ಟೆ. ಗ್ರಹ ಆರಾಮಾಗಿ ಸುತ್ತುತ್ತಲೇ ಇತ್ತು! ನಮ್ಮ ಸೂರ್ಯನ ಸುತ್ತ ಅಂಥ ಗ್ರಹ ಇರೋಕೆ ಸಾಧ್ಯವೇ ಇಲ್ಲ.

ಖಗೋಳ ವಿಜ್ಞಾನಿ ಕೆಪ್ಲರ್ 1619ರಲ್ಲೇ ಹೇಳಿಟ್ಟಿದ್ದಾನೆ. ಕಾಲದ ವರ್ಗ ದೂರದ ಘನಕ್ಕೆ ತಕ್ಕಂತೆ ಇರುತ್ತದೆ. ದೂರ 4 ಪಟ್ಟು ಅಂದರೆ ಘನ 64, ಅದರ ವರ್ಗಮೂಲ 8. ಆ ಗ್ರಹಕ್ಕೆ ಒಂದು ಸುತ್ತಿಗೆ 8 ವರ್ಷ ಬೇಕು. ವೇಗ ಭೂಮಿಯದರ ಅರ್ಧ, ಸೆಕೆಂಡಿಗೆ ಸುಮಾರು 15 ಕಿಲೋಮೀಟರ್. ದೂರ ಗೊತ್ತಾದರೆ ಉಳಿದೆರಡೂ ತಾವಾಗಿಯೇ ಗೊತ್ತಾಗುತ್ತವೆ. ಹಾಗಿದ್ದ ಮೇಲೆ ಅವಕ್ಕೆ ಬೇರೆ ಸ್ಲೈಡರ್ ಯಾಕೆ? ಪಾಠದ ತಿರುಳೇ ಆ ನಂಟು. ಅದನ್ನೇ ಕತ್ತರಿಸಿ ಹಾಕಿದ್ದಾರೆ. ನನಗೆ ಸಿಟ್ಟು ಬಂದಿದ್ದು ಇದಕ್ಕೇ.

ಕಷ್ಟದ ಕೆಲಸವೂ ಅಲ್ಲ. ಗ್ರಾಫ್ ಬರೆಯುವ ತಂತ್ರಾಂಶಗಳಾದ ಜಿಯೋಜೀಬ್ರಾ, ಡೆಸ್ಮೋಸ್ ಎರಡರಲ್ಲೂ ದೂರಕ್ಕೆ ಸ್ಲೈಡರ್ ಇಟ್ಟು, ಉಳಿದದ್ದನ್ನು ಸೂತ್ರವಾಗಿ ಟೈಪ್ ಮಾಡಿದರೆ ಮುಗೀತು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ಆದರೆ, ಸ್ಲೈಡರ್ ಕದಲಿದಾಗ ಓಡುವ ಫಂಕ್ಷನ್ (ಕೋಡಿನ ತುಣುಕು) ಒಂದೇ ಇರಲಿ. ಅದರೊಳಗೇ ಕಾಲ, ವೇಗ ಎರಡನ್ನೂ ಲೆಕ್ಕ ಹಾಕಿ, ಎಲ್ಲ ಗೆರೆಗಳನ್ನೂ ಬದಲಿಸಿ, ಕೊನೆಗೆ ಒಂದೇ ಸಲ ಚಿತ್ರ ಬರೆಸಿ. ನಂಟಿನ ಸೂತ್ರವೇ ಇಲ್ಲ, ಸುಮ್ನೆ ಎಲ್ಲವೂ ಒಟ್ಟಿಗೆ ಬದಲಾಗಬೇಕು ಅಂತಿದ್ದರೆ ಸ್ಲೈಡರ್ 0ಯಿಂದ 1ರವರೆಗೆ ಓಡಲಿ. 0 ಅಂದರೆ ಒಂದೊಂದರ ಕನಿಷ್ಠ ಬೆಲೆ, 1 ಅಂದರೆ ಗರಿಷ್ಠ ಬೆಲೆ ಅಂತ ಹೊಂದಿಸಿಕೊಳ್ಳಿ.

“ಮಕ್ಕಳು ಒಂದೊಂದನ್ನೇ ಬದಲಿಸಿ ನೋಡಲಿ, ಸ್ವಾತಂತ್ರ್ಯ ಇರಲಿ” ಅನ್ನುವವರಿದ್ದಾರೆ. ಸರಳರೇಖೆಯ ವಿಷಯದಲ್ಲಿ ಒಪ್ಪುತ್ತೇನೆ. ಅದರ ಇಳಿಜಾರಿಗೂ, ಅದು y ಅಕ್ಷವನ್ನು ಮುಟ್ಟುವ ಜಾಗಕ್ಕೂ ಸಂಬಂಧವಿಲ್ಲ. ಅಲ್ಲಿ ಎರಡು ಸ್ಲೈಡರ್ ಇರಲೇಬೇಕು. ಆದರೆ ಗ್ರಹಕ್ಕೇ ಇಲ್ಲದ ಸ್ವಾತಂತ್ರ್ಯವನ್ನು ನಾವು ಪರದೆ ಮೇಲೆ ಕೊಟ್ಟರೆ ಮಗು ಸುಳ್ಳು ಕಲಿಯುತ್ತದೆ, ಅಲ್ವಾ?

ಸ್ಪ್ರಿಂಗ್‌ಗೆ ಕಟ್ಟಿದ ಭಾರವನ್ನೇ ತಗೊಳ್ಳಿ. ಓಲಾಟವನ್ನು ತಗ್ಗಿಸುವ ತಡೆಗೆ ಮಾತ್ರ ಒಂದು ಸ್ಲೈಡರ್ ಇಟ್ಟು, ತಡೆ ಹೆಚ್ಚುವಂತೆ ನಿಧಾನಕ್ಕೆ ಎಳೆಯಿರಿ. ಗ್ರಾಫಿನ ಅಲೆ ಬೇಗ ತಗ್ಗುತ್ತದೆ. ಜೊತೆಗೇ ಒಂದೊಂದು ಓಲಾಟಕ್ಕೂ ಸಮಯ ಜಾಸ್ತಿ ಹಿಡಿಯುತ್ತದೆ. ಒಂದು ಹಂತ ದಾಟಿದರೆ ಓಲಾಟವೇ ನಿಂತುಹೋಗುತ್ತದೆ! ನನ್ನ ತರಗತಿಯಲ್ಲಿ ಮಕ್ಕಳು ಇಲ್ಲೇ “ಮತ್ತೆ ಹಿಂದೆ ಎಳೀರಿ ಮಿಸ್” ಅಂತ ಕೂಗುವುದು. ಓಲಾಟದ ವೇಗಕ್ಕೆ ಬೇರೆ ಸ್ಲೈಡರ್ ಕೊಟ್ಟಿದ್ದರೆ ಆ ಹಂತ ಅವರ ಕಣ್ಣಿಗೇ ಬೀಳುತ್ತಿರಲಿಲ್ಲ.

ಒಂದೇ ಸ್ಲೈಡರ್ ಇಟ್ಟರೆ ಒಳಗೆ ಏನೇನು ಬದಲಾಯಿತು ಅಂತ ಗೊತ್ತಾಗಲ್ಲ ಎಂಬ ದೂರೂ ಇದೆ. ಅದಕ್ಕೆ ಪರಿಹಾರ ಸುಲಭ. ಗ್ರಾಫಿನ ಪಕ್ಕದಲ್ಲೇ ದೂರ, ಕಾಲ, ವೇಗ ಮೂರರ ಬೆಲೆಯನ್ನೂ ದೊಡ್ಡ ಅಕ್ಷರದಲ್ಲಿ ತೋರಿಸಿ. ಸ್ಲೈಡರ್ ಎಳೆದ ಹಾಗೆ ಮೂರೂ ಒಟ್ಟಿಗೆ ಓಡಲಿ. ಆ ಪಾಠ ಮಾಡಿದವರಿಗೂ ಇದನ್ನೇ ಬರೆದು ಕಳಿಸಿದ್ದೇನೆ.